ನ್ಯೂಟ್ರಾನ್ ಆಯಸ್ಸು: ಹತ್ತು ಸೆಕೆಂಡಿನ ತಕರಾರು

ನ್ಯೂಟ್ರಾನನ್ನು ನ್ಯೂಕ್ಲಿಯಸ್ಸಿನಿಂದ ಹೊರಗೆ ತಂದು ಒಂಟಿಯಾಗಿ ಬಿಟ್ಟರೆ ಅದು ಜಾಸ್ತಿ ಹೊತ್ತು ಬದುಕುವುದಿಲ್ಲ. ಸರಾಸರಿ ಕಾಲು ಗಂಟೆಗೂ ಸ್ವಲ್ಪ ಕಡಿಮೆ. ಆಮೇಲೆ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್, ಒಂದು ಆಂಟಿನ್ಯೂಟ್ರಿನೊ ಆಗಿ ಒಡೆಯುತ್ತದೆ. ಆ 'ಸ್ವಲ್ಪ ಕಡಿಮೆ' ಅಂದರೆ ಸರಿಯಾಗಿ ಎಷ್ಟು ಅನ್ನುವುದರಲ್ಲೇ ತಕರಾರು. ಒಂದು ಬಗೆಯ ಉಪಕರಣದಲ್ಲಿ ಅಳೆದರೆ ಸುಮಾರು 888 ಸೆಕೆಂಡ್ ಬರುತ್ತದೆ. ಇನ್ನೊಂದು ಬಗೆಯದರಲ್ಲಿ 878.

ಹತ್ತು ಸೆಕೆಂಡ್ ತಾನೇ, ಬಿಡಿ ಅನ್ನಬಹುದು. ಆದರೆ ತಮ್ಮ ಲೆಕ್ಕ ತಪ್ಪಿದ್ದರೂ ಒಂದೆರಡು ಸೆಕೆಂಡ್ ಆಚೀಚೆ ಅಷ್ಟೇ ಅಂತ ಎರಡೂ ಕಡೆಯವರು ಹೇಳುತ್ತಾರೆ. ಹಾಗಿದ್ದರೆ ಯಾರೋ ಒಬ್ಬರ ಎಣಿಕೆಯಲ್ಲಿ ಏನೋ ಬಿಟ್ಟುಹೋಗಿದೆ ಅಲ್ವಾ? ಅದು ಏನು ಅಂತ ಇನ್ನೂ ಯಾರಿಗೂ ಸಿಕ್ಕಿಲ್ಲ.

ನ್ಯೂಟ್ರಾನ್ ಎಣಿಸುವುದು ಮೊದಲಿಂದಲೂ ತಲೆನೋವಿನ ಕೆಲಸವೇ. ಕಣಗಳನ್ನು ಹಿಡಿಯುವ ಉಪಕರಣಗಳೆಲ್ಲ ಹೆಚ್ಚೂಕಡಿಮೆ ಒಂದೇ ಉಪಾಯದ ಮೇಲೆ ನಿಂತಿವೆ: ಚಾರ್ಜ್ ಇರುವ ಕಣ ಅನಿಲದೊಳಗೆ ಹಾದುಹೋದರೆ ದಾರಿಯಲ್ಲಿ ಸಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುತ್ತದೆ, ಆ ಎಲೆಕ್ಟ್ರಾನುಗಳನ್ನು ಒಂದು ತಂತಿಗೆ ಎಳೆದುಕೊಂಡರೆ ಪುಟ್ಟ ವಿದ್ಯುತ್ ಸದ್ದು ಸಿಗುತ್ತದೆ. ನ್ಯೂಟ್ರಾನಿಗೆ ಚಾರ್ಜೇ ಇಲ್ಲ. ಸುಮ್ನೆ ತೂರಿಕೊಂಡು ಹೋಗಿಬಿಡುತ್ತದೆ. ಅದು ಬೇರೆ ಯಾರನ್ನಾದರೂ ಗುದ್ದಬೇಕು, ಗುದ್ದಿಸಿಕೊಂಡವರು ಕೂಗಬೇಕು, ಆಗ ಮಾತ್ರ ನಮಗೆ ಗೊತ್ತಾಗುವುದು.

ಇಂಥ ಒಂದು ಕಣ ಇರಬಹುದು ಅಂತ ರದರ್‌ಫರ್ಡ್ 1920ರಲ್ಲೇ ಊಹಿಸಿದ್ದರು. 1930ರಲ್ಲಿ ಜರ್ಮನಿಯ ಬೋಥೆ ಮತ್ತು ಬೆಕರ್, ಪೊಲೋನಿಯಂನಿಂದ ಬರುವ ಆಲ್ಫಾ ಕಣಗಳನ್ನು ಬೆರಿಲಿಯಂ ಮೇಲೆ ಬಿಟ್ಟಾಗ ಭಾರೀ ತೂರಿಕೊಂಡು ಹೋಗುವ ಏನೋ ಹೊರಟಿತು. ಗಾಮಾ ಕಿರಣ ಇರಬೇಕು ಅಂದುಕೊಂಡರು. 1932ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಐರಿನ್ ಕ್ಯೂರಿ, ಫ್ರೆಡೆರಿಕ್ ಜೋಲಿಯೋ ಅದರ ದಾರಿಗೆ ಪ್ಯಾರಾಫಿನ್ ಮೇಣ ಇಟ್ಟರು. ಮೇಣದಿಂದ ಪ್ರೋಟಾನುಗಳು ಜೋರಾಗಿ ಸಿಡಿದು ಬಂದವು. ಅವರೂ ಗಾಮಾ ಕಿರಣ ಅಂತಲೇ ಬರೆದರು.

ಕೇಂಬ್ರಿಡ್ಜಿನ ಚಾಡ್ವಿಕ್‌ಗೆ ಅದು ಒಪ್ಪಿಗೆಯಾಗಲಿಲ್ಲ. ತೂಕವೇ ಇಲ್ಲದ ಗಾಮಾ ಕಿರಣ ಪ್ರೋಟಾನನ್ನು ಅಷ್ಟು ಜೋರಾಗಿ ತಳ್ಳಬೇಕಾದರೆ ಅದರಲ್ಲಿ ಸುಮಾರು 50 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರಬೇಕಾಗುತ್ತದೆ. ಬೆರಿಲಿಯಂ ಎಲ್ಲಿಂದ ತರುತ್ತದೆ ಅಷ್ಟನ್ನು? ಅವರ ಉಪಕರಣ ಒಂದು ಚಿಕ್ಕ ಅಯಾನೀಕರಣ ಕೋಣೆ, ಅದಕ್ಕೊಂದು ಆಂಪ್ಲಿಫೈಯರ್. ಮಧ್ಯೆ 2 ಸೆಂಟಿಮೀಟರ್ ದಪ್ಪದ ಸೀಸ ಇಟ್ಟರು, ಎಣಿಕೆ ಕದಲಲಿಲ್ಲ. ಸೀಸದ ಬದಲು ಪ್ಯಾರಾಫಿನ್ ಇಟ್ಟರು, ಎಣಿಕೆ ಏರಿತು! ಅಡ್ಡ ಇಟ್ಟರೆ ಕಡಿಮೆಯಾಗಬೇಕಾದದ್ದು ಜಾಸ್ತಿಯಾಯಿತು, ಯಾಕೆಂದರೆ ಕೋಣೆಗೆ ಈಗ ಬಂದು ಬೀಳುತ್ತಿದ್ದುದು ಮೇಣದಿಂದ ಹೊರಟ ಪ್ರೋಟಾನುಗಳು. ಆಮೇಲೆ ಹೈಡ್ರೋಜನ್ ಎಷ್ಟು ಚಿಮ್ಮುತ್ತದೆ, ನೈಟ್ರೋಜನ್ ಎಷ್ಟು ಚಿಮ್ಮುತ್ತದೆ ಅಂತ ಹೋಲಿಸಿದರು. ಹಗುರ ಗೋಲಿ, ಭಾರದ ಗೋಲಿ ಎರಡೂ ಚಿಮ್ಮಿದ ಪರಿ ನೋಡಿದರೆ ಹೊಡೆದ ಗೋಲಿಯ ತೂಕ ಹೇಳಬಹುದು. ಉತ್ತರ: ಹತ್ತಿರಹತ್ತಿರ ಪ್ರೋಟಾನಿನಷ್ಟೇ. ಫೆಬ್ರವರಿ ಮುಗಿಯುವುದರೊಳಗೆ ಅವರ ಪತ್ರ ಅಚ್ಚಾಯಿತು, 1935ರಲ್ಲಿ ನೊಬೆಲ್ ಬಂತು. ಪ್ಯಾರಿಸ್ಸಿನವರ ಅಳತೆಯಲ್ಲಿ ತಪ್ಪಿರಲಿಲ್ಲ, ಅದಕ್ಕೆ ಅವರು ಕೊಟ್ಟ ಅರ್ಥ ತಪ್ಪಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಯಸ್ಸಿನ ಪ್ರಶ್ನೆ ಎದ್ದದ್ದು ಎರಡು ಮೂರು ವರ್ಷದ ಮೇಲೆ. ಚಾಡ್ವಿಕ್ ಮತ್ತು ಗೋಲ್ಡ್‌ಹೇಬರ್ ಡ್ಯೂಟೆರಾನನ್ನು (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಅಂಟಿಕೊಂಡ ಜೋಡಿ) ಗಾಮಾ ಕಿರಣದಿಂದ ಒಡೆದು ನ್ಯೂಟ್ರಾನಿನ ತೂಕ ಮತ್ತೆ ಅಳೆದಾಗ ಅದು ಪ್ರೋಟಾನಿಗಿಂತ ಒಂಚೂರು ಭಾರ ಅಂತ ತಿಳಿಯಿತು. ವ್ಯತ್ಯಾಸ ಶೇಕಡ 0.14 ಅಷ್ಟೇ. ಆದರೆ ಅಷ್ಟು ಸಾಕು, ಒಂಟಿ ನ್ಯೂಟ್ರಾನ್ ತಾನಾಗಿ ಒಡೆಯಲೇಬೇಕು. ಅದನ್ನು ಕಣ್ಣಾರೆ ನೋಡಲು ಮಾತ್ರ ರಿಯಾಕ್ಟರುಗಳು ಬರುವವರೆಗೆ ಕಾಯಬೇಕಾಯಿತು. ಅಮೆರಿಕದ ಓಕ್ ರಿಡ್ಜಿನಲ್ಲಿ ಸ್ನೆಲ್, ಕೆನಡಾದ ಚಾಕ್ ರಿವರ್‌ನಲ್ಲಿ ರಾಬ್ಸನ್ 1950ರ ಆಸುಪಾಸಿನಲ್ಲಿ ಹಿಡಿದರು. ರಾಬ್ಸನ್ ಹೇಳಿದ ಅರ್ಧಾಯು (ಅರ್ಧದಷ್ಟು ನ್ಯೂಟ್ರಾನುಗಳು ಒಡೆಯಲು ಹಿಡಿಯುವ ಹೊತ್ತು, ಇದು ಸರಾಸರಿ ಆಯಸ್ಸಿಗಿಂತ ಕಡಿಮೆ) 12.8 ನಿಮಿಷ, ಎರಡೂವರೆ ನಿಮಿಷ ಹೆಚ್ಚುಕಡಿಮೆ. ಇವತ್ತಿನ ಲೆಕ್ಕದಲ್ಲಿ ಅದು ಹತ್ತು ನಿಮಿಷ ಚಿಲ್ಲರೆ. ಮೊದಲ ಪ್ರಯತ್ನಕ್ಕೆ ಏನೂ ಕಳಪೆಯಲ್ಲ.

ರಾಬ್ಸನ್ ಹಿಡಿದದ್ದು ಸತ್ತವರನ್ನು ಎಣಿಸುವ ದಾರಿ. ರಿಯಾಕ್ಟರಿನಿಂದ ನ್ಯೂಟ್ರಾನುಗಳ ಧಾರೆ ಬರುತ್ತದೆ. ಅದರ ಒಂದು ತುಂಡು ಹಾದಿಯಲ್ಲಿ ಹುಟ್ಟುವ ಪ್ರೋಟಾನುಗಳನ್ನು ಎಣಿಸುತ್ತಾರೆ. ಅಮೆರಿಕದ ಅಳತೆ ಮತ್ತು ಮಾನಕಗಳ ಸಂಸ್ಥೆಯಾದ ನಿಸ್ಟ್‌ನಲ್ಲಿ ಇದು ಬಲು ನಾಜೂಕಾಗಿ ಬೆಳೆಯಿತು. ವಿದ್ಯುತ್ತು, ಕಾಂತಗಳ ಬೋನಿನಲ್ಲಿ ಪ್ರೋಟಾನುಗಳನ್ನು ಕೂಡಿಹಾಕಿ, ಆಮೇಲೆ ಒಟ್ಟಿಗೆ ಬಾಗಿಲು ತೆರೆದು ಎಣಿಸುತ್ತಾರೆ. ಕಷ್ಟ ಏನೆಂದರೆ, ಅಷ್ಟು ವೇಗದಲ್ಲಿ ಓಡುವ ನ್ಯೂಟ್ರಾನುಗಳಲ್ಲಿ ಆ ಬೋನಿನೊಳಗೇ ಒಡೆಯುವುದು ಸುಮಾರು ಹತ್ತು ಲಕ್ಷಕ್ಕೊಂದು. ಮಿಕ್ಕವು ಎಷ್ಟು ಹಾದುಹೋದವು ಅಂತಲೂ ಗೊತ್ತಿರಬೇಕು. ಅದಕ್ಕೆ ದಾರಿಯ ಕೊನೆಯಲ್ಲಿ ಲಿಥಿಯಂ-6 ಸವರಿದ ತೆಳು ಹಾಳೆ ಇಡುತ್ತಾರೆ. ಇದು ನನಗೆ ತುಂಬಾ ಇಷ್ಟವಾದ ಉಪಾಯ: ನಿಧಾನದ ನ್ಯೂಟ್ರಾನ್ ಬೋನಿನಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಹಾಗಾಗಿ ಅಲ್ಲೇ ಒಡೆಯುವ ಸಾಧ್ಯತೆ ಜಾಸ್ತಿ, ಅದೇ ನಿಧಾನದ ನ್ಯೂಟ್ರಾನ್ ಲಿಥಿಯಂಗೆ ಸಿಕ್ಕಿಬೀಳುವ ಸಾಧ್ಯತೆಯೂ ಅಷ್ಟೇ ಪಟ್ಟು ಜಾಸ್ತಿ. ಎರಡನ್ನೂ ಭಾಗಿಸಿದರೆ ವೇಗದ ಲೆಕ್ಕವೇ ಹೊರಟುಹೋಗುತ್ತದೆ. ಈ ದಾರಿಯಲ್ಲಿ 2013ರಲ್ಲಿ ಸಿಕ್ಕ ಉತ್ತರ 887.7 ಸೆಕೆಂಡ್, ಹೆಚ್ಚುಕಡಿಮೆ 2.2.

ಇನ್ನೊಂದು ದಾರಿಯಲ್ಲಿ ಬದುಕುಳಿದವರನ್ನು ಎಣಿಸುತ್ತಾರೆ. ತೀರಾ ನಿಧಾನದ ನ್ಯೂಟ್ರಾನುಗಳನ್ನು ಡಬ್ಬಿಯಲ್ಲಿ ತುಂಬಿಡಬಹುದು, ಅವು ಗೋಡೆಗೆ ತಗುಲಿ ವಾಪಸ್ ಪುಟಿಯುತ್ತವೆ ಅಂತ 1959ರಲ್ಲಿ ಝೆಲ್ಡೊವಿಚ್ ಹೇಳಿದ್ದರು. ಹತ್ತು ವರ್ಷದೊಳಗೆ ರಷ್ಯಾದ ಡುಬ್ನಾದಲ್ಲಿ ಅಂಥವು ಸಿಕ್ಕಿದವು. ಎಷ್ಟು ನಿಧಾನ ಅಂದರೆ, ಸೆಕೆಂಡಿಗೆ 3 ಮೀಟರ್ ವೇಗದ್ದನ್ನು ಮೇಲಕ್ಕೆ ಬಿಟ್ಟರೆ ಅರ್ಧ ಮೀಟರ್ ಏರುವಷ್ಟರಲ್ಲಿ ಸುಸ್ತಾಗಿ ಕೆಳಗೆ ಬೀಳುತ್ತದೆ.

ಸ್ವಾರಸ್ಯ ಏನೆಂದರೆ, ಮೊದಮೊದಲು ಜಗಳವೇ ಇರಲಿಲ್ಲ. 1989ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಎಣ್ಣೆ ಸವರಿದ ಗೋಡೆಯ ಡಬ್ಬಿಯಲ್ಲಿ ಅಳೆದಾಗ 887.6 ಬಂದಿತ್ತು. 2005ರಲ್ಲಿ ಸೆರೆಬ್ರೋವ್ ಅವರ ತಂಡ ಅದೇ ಗ್ರೆನೋಬಲ್‌ನಲ್ಲಿ ತಣ್ಣಗಿನ ಡಬ್ಬಿ ಇಟ್ಟು 878.5 ಅಂದಿತು. ಕಣಗಳ ಅಧಿಕೃತ ಪಟ್ಟಿ ಮಾಡುವವರು ಇದನ್ನು ಸರಾಸರಿಗೆ ಸೇರಿಸಲಿಲ್ಲ, ಉಳಿದವುಗಳಿಂದ ಅಷ್ಟು ದೂರ ಇದೆ ಅಂತ. ಕೆಲವು ವರ್ಷ ಕಳೆದು ಬೇರೆ ಡಬ್ಬಿಗಳೂ ಅದೇ ಕಡೆ ವಾಲಿದ ಮೇಲೆ ಸಂಖ್ಯೆ ಇಳಿಸಿದರು. ಒಂಟಿಯಾಗಿ ದೂರ ನಿಂತದ್ದೇ ಸರಿ ಇರಬಹುದು ಅಂತ ಒಪ್ಪಿಕೊಳ್ಳಲು ಹೊತ್ತು ಹಿಡಿಯುತ್ತದೆ.

ಡಬ್ಬಿಯ ಮೇಲೆ ಇದ್ದ ಅನುಮಾನ ಗೋಡೆಯದ್ದು. ಗೋಡೆ ನುಂಗಿದ ನ್ಯೂಟ್ರಾನೂ ಸತ್ತ ಲೆಕ್ಕಕ್ಕೇ ಹೋಗುತ್ತದೆ, ಆಯಸ್ಸು ಕಡಿಮೆ ಕಾಣುತ್ತದೆ. ಹಾಗಾಗಿ ಅಮೆರಿಕದ ಲಾಸ್ ಅಲಮೋಸ್‌ನವರು ಗೋಡೆಯನ್ನೇ ತೆಗೆದುಹಾಕಿದರು. ಸ್ನಾನದ ತೊಟ್ಟಿಯ ಹಾಗೆ ಬಾಗಿದ ಪಾತ್ರೆ, ಒಳಮೈ ತುಂಬಾ ಸಾವಿರಾರು ಆಯಸ್ಕಾಂತಗಳು. ನ್ಯೂಟ್ರಾನಿಗೆ ಚಾರ್ಜ್ ಇಲ್ಲದಿದ್ದರೂ ಕಾಂತಗುಣ ಇದೆ, ಗೋಡೆ ಮುಟ್ಟುವ ಮೊದಲೇ ಅದು ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಮೇಲೆ ಮುಚ್ಚಳವೇ ಇಲ್ಲ, ಗುರುತ್ವವೇ ಮುಚ್ಚಳ. ತುಂಬಿಸಿ 20 ಸೆಕೆಂಡ್ ಬಿಟ್ಟು ಒಮ್ಮೆ ಎಣಿಸುತ್ತಾರೆ. ಮತ್ತೆ ತುಂಬಿಸಿ 1,550 ಸೆಕೆಂಡ್ ಕಾಯುತ್ತಾರೆ, ಬೋರಾನ್ ಸವರಿದ ಡಿಟೆಕ್ಟರನ್ನು ಮೇಲಿಂದ ತೊಟ್ಟಿಯೊಳಗೆ ಇಳಿಸಿ ಉಳಿದವನ್ನು ಎಣಿಸುತ್ತಾರೆ. ತಮಗೆ ಬೇಕಾದ ಉತ್ತರದ ಕಡೆ ಮನಸ್ಸು ಎಳೆಯಬಾರದು ಅಂತ ಸಮಯದ ಲೆಕ್ಕವನ್ನು ಬೇಕೆಂದೇ ಗುಟ್ಟಾಗಿ ತಿರುಚಿಟ್ಟು, ವಿಶ್ಲೇಷಣೆ ಮುಗಿದ ಮೇಲಷ್ಟೇ ಗುಟ್ಟು ಬಿಚ್ಚಿದರು. 2021ರ ಉತ್ತರ 877.75, ತಪ್ಪಿದರೆ ಅರ್ಧ ಸೆಕೆಂಡೂ ಇಲ್ಲ.

ಧಾರೆಯ ದಾರಿಯಲ್ಲಿ ಕೆಲವು ಪ್ರೋಟಾನುಗಳು ತಪ್ಪಿಸಿಕೊಂಡರೆ ಆಯಸ್ಸು ಜಾಸ್ತಿ ಕಾಣುತ್ತದೆ. ಅಂದರೆ ಎರಡರ ಸಂಭವನೀಯ ತಪ್ಪುಗಳೂ ಅಂತರವನ್ನು ಹಿಗ್ಗಿಸುವ ಕಡೆಗೇ ಇವೆ. ಇಬ್ಬರದೂ ಸರಿ ಇರಬಹುದು ಅನ್ನುವ ಧೈರ್ಯ ಮಾಡಿದವರು ಫೋರ್ನಲ್ ಮತ್ತು ಗ್ರಿನ್‌ಸ್ಟೈನ್. ನೂರಕ್ಕೆ ಒಂದು ನ್ಯೂಟ್ರಾನ್ ಪ್ರೋಟಾನ್ ಕೊಡದೆ ಕಪ್ಪು ದ್ರವ್ಯವಾಗಿ (ವಿಶ್ವದಲ್ಲಿ ಇದೆ ಅಂತ ನಂಬಿರುವ, ಕಣ್ಣಿಗೆ ಕಾಣದ ದ್ರವ್ಯ) ಒಡೆಯುತ್ತದೆ ಅಂತ 2018ರಲ್ಲಿ ಸೂಚಿಸಿದರು. ಚಂದದ ಕಲ್ಪನೆ. ಆದರೆ ಅದರ ಜೊತೆ ಬರಬೇಕಿದ್ದ ಗಾಮಾ ಕಿರಣಗಳನ್ನು ಹುಡುಕಿದವರಿಗೆ ಏನೂ ಸಿಗಲಿಲ್ಲ, ಭಾರೀ ನ್ಯೂಟ್ರಾನ್ ನಕ್ಷತ್ರಗಳೂ ಅದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಪ್ಯಾರಿಸ್ಸಿನ ಗಾಮಾ ಕಿರಣದ ನೆನಪಿರುವ ನನಗೆ ಹೊಸ ಭೌತಶಾಸ್ತ್ರಕ್ಕಿಂತ ಹಳೆಯ ಬೋನಿನ ಮೇಲೇ ಅನುಮಾನ.

ಅಂದಹಾಗೆ ಈ ಸಂಖ್ಯೆ ಬೇಕಾಗಿರುವುದು ಪ್ರಯೋಗಾಲಯದವರಿಗೆ ಮಾತ್ರ ಅಲ್ಲ. ಬಿಗ್ ಬ್ಯಾಂಗ್ ಆದ ಮೊದಲ ಕೆಲವು ನಿಮಿಷಗಳಲ್ಲಿ ಎಷ್ಟು ನ್ಯೂಟ್ರಾನ್ ಉಳಿದಿದ್ದವು ಅನ್ನುವುದರ ಮೇಲೆ ವಿಶ್ವದಲ್ಲಿ ಎಷ್ಟು ಹೀಲಿಯಂ ಹುಟ್ಟಿತು ಅನ್ನುವುದು ನಿಂತಿದೆ.

ಜಪಾನಿನ ಕಣವೇಗವರ್ಧಕ ಕೇಂದ್ರ ಜೆ-ಪಾರ್ಕ್‌ನವರು ಈಗ ಧಾರೆಯ ದಾರಿಯಲ್ಲೇ ಇನ್ನೊಂದು ತಿರುವು ಹಿಡಿದಿದ್ದಾರೆ. ಪ್ರೋಟಾನ್ ಬಿಟ್ಟು ಎಲೆಕ್ಟ್ರಾನ್ ಎಣಿಸುತ್ತಾರೆ. ಎಲೆಕ್ಟ್ರಾನ್ ಹಿಡಿಯುವ ಕೋಣೆಯ ಅನಿಲಕ್ಕೇ ಸ್ವಲ್ಪ ಹೀಲಿಯಂ-3 ಬೆರೆಸಿ, ಹಾದುಹೋದ ನ್ಯೂಟ್ರಾನುಗಳನ್ನೂ ಅಲ್ಲೇ ಎಣಿಸುತ್ತಾರೆ. 2020ರಲ್ಲಿ ಅವರಿಗೆ ಬಂದದ್ದು 898, ಆದರೆ ತಪ್ಪಿನ ಅಂದಾಜು ಎಷ್ಟು ದೊಡ್ಡದಿತ್ತೆಂದರೆ ಯಾವ ಕಡೆಯನ್ನೂ ಹಿಡಿಯುವಂತಿರಲಿಲ್ಲ. 2024ರ ಕೊನೆಗೆ ಸುಧಾರಿಸಿದ ಲೆಕ್ಕ ಬಂತು: 877.2, ಹೆಚ್ಚುಕಡಿಮೆ ನಾಲ್ಕು ಸೆಕೆಂಡ್. ಧಾರೆಯಲ್ಲಿ ಅಳೆದು ಡಬ್ಬಿಯ ಉತ್ತರ! ನಿಸ್ಟ್‌ನವರು ಮಾತ್ರ ತಮ್ಮ 887.7ನ್ನು ವಾಪಸ್ ತೆಗೆದುಕೊಂಡಿಲ್ಲ. ಇನ್ನೂ ದೊಡ್ಡ ಬೋನು ಕಟ್ಟುವ ಕೆಲಸಕ್ಕೆ ಇಳಿದಿದ್ದಾರೆ.