ಒಂದೇ ವರ್ಷ ಬದುಕುವ ದೊಡ್ಡ ಬೊಂಡಾಸ

ಕಾರವಾರದ ಬೈತಖೋಲ ಬಂದರಿಗೆ ಟ್ರಾಲ್ ಬೋಟುಗಳು ತರುವ ಬೊಂಡಾಸ, ಅಂದರೆ ಸ್ಕ್ವಿಡ್, ಸಾಮಾನ್ಯವಾಗಿ ಗೇಣುದ್ದ. ನಾವು ಸುಕ್ಕ ಮಾಡುವುದು, ರವೆ ಹಚ್ಚಿ ಹುರಿಯುವುದು ಇದನ್ನೇ. ಇದು ದಡದ ಕಡೆಯ ಕಡಿಮೆ ಆಳದ ಜೀವಿ. ಇದೇ ಅರಬ್ಬೀ ಸಮುದ್ರದ ಆಳದಲ್ಲಿ ಇದಕ್ಕೊಬ್ಬ ದೊಡ್ಡ ನೆಂಟನಿದ್ದಾನೆ. ವಿಜ್ಞಾನಿಗಳು ಅದನ್ನು ಸ್ಥೆನೊಟ್ಯೂಥಿಸ್ ವಾಲಾನಿಯೆನ್ಸಿಸ್ ಅನ್ನುತ್ತಾರೆ. ನಾವು ಸುಮ್ನೆ ದೊಡ್ಡ ಬೊಂಡಾಸ ಅನ್ನೋಣ.

ಇದರಲ್ಲಿ ಕುಳ್ಳ, ಮಧ್ಯಮ, ದೈತ್ಯ ಹೀಗೆ ಬೇರೆಬೇರೆ ಗಾತ್ರದ ಬಗೆಗಳಿವೆ. ದೈತ್ಯ ಬಗೆ ಸಿಗುವುದು ಅರಬ್ಬೀ ಸಮುದ್ರದ ಉತ್ತರ ಭಾಗದಲ್ಲಿ. ಚೀಲದಂಥ ಮೈಯೊಂದೇ 65 ಸೆಂ.ಮೀ. ತನಕ ಬೆಳೆಯುತ್ತದೆ, ತೋಳು ಸೇರಿಸಿದರೆ ಮೀಟರ್ ದಾಟುತ್ತದೆ. ಇಷ್ಟು ಬೆಳೆಯಲು ಅದಕ್ಕೆ ಸಿಗುವುದು ಸುಮಾರು ಒಂದು ವರ್ಷ ಮಾತ್ರ! ತಲೆಯೊಳಗೆ ಸಾಸಿವೆಯಷ್ಟು ಚಿಕ್ಕ ಕಲ್ಲುಗಳೆರಡು ಇರುತ್ತವೆ. ಅವುಗಳಲ್ಲಿ ದಿನಕ್ಕೊಂದು ಉಂಗುರ ಬೀಳುತ್ತದೆ. ಆ ಉಂಗುರ ಎಣಿಸಿಯೇ ಬೊಂಡಾಸದ ವಯಸ್ಸು ಹೇಳುವುದು.

ಇಷ್ಟು ಬೇಗ ಬೆಳೆಯಬೇಕೆಂದರೆ ತಿನ್ನುತ್ತಲೇ ಇರಬೇಕು. ರಾತ್ರಿ ಮೇಲೆ ಬಂದು ಮೈಯಲ್ಲಿ ಬೆಳಕಿರುವ ಲ್ಯಾಂಟರ್ನ್ ಮೀನುಗಳನ್ನು ಬೇಟೆಯಾಡುತ್ತದೆ. ಅದು ಸಾಲದಿದ್ದರೆ ತನ್ನದೇ ಜಾತಿಯ ಚಿಕ್ಕವನ್ನು ನುಂಗುತ್ತದೆ. ಟ್ಯೂನಾ ಮೀನು ಅಟ್ಟಿಸಿಕೊಂಡು ಬಂದರೆ ಮೈಯೊಳಗಿನ ನೀರನ್ನು ರಭಸದಿಂದ ಹಿಂದಕ್ಕೆ ಉಗಿದು, ಸಮುದ್ರದಿಂದ ಮೇಲಕ್ಕೆ ಚಿಮ್ಮಿ, ರೆಕ್ಕೆ ಹರಡಿ ಗಾಳಿಯಲ್ಲಿ ತೇಲುತ್ತದೆ. ಹಗಲು ಆಳಕ್ಕೆ ಇಳಿಯುತ್ತದೆ. ವಿಚಿತ್ರ ಇರುವುದು ಇಲ್ಲೇ. ಅರಬ್ಬೀ ಸಮುದ್ರದಲ್ಲಿ ಸುಮಾರು 200 ಮೀಟರ್‌ನಿಂದ 1,000 ಮೀಟರ್ ತನಕ ಆಮ್ಲಜನಕ ತೀರಾ ಕಡಿಮೆ. ಮೂರು ಹೃದಯ, ತಾಮ್ರದ ನೀಲಿ ರಕ್ತ, ಸದಾ ಓಡಾಟ ಬೇಡುವ ಮೈ. ಇಂಥ ಪ್ರಾಣಿ ಅಲ್ಲಿ ಹೇಗೆ ತಾಳುತ್ತದೆ? ಪೆಸಿಫಿಕ್‌ನ ಅದರ ದಾಯಾದಿ ಹಂಬೋಲ್ಟ್ ಸ್ಕ್ವಿಡ್ ಅಂಥ ನೀರಿನಲ್ಲಿ ಮೈಯ ಕೆಲಸವನ್ನೇ ತಗ್ಗಿಸಿಕೊಂಡು ಕಾಯುತ್ತದೆ.

ಇದನ್ನು ಹಿಡಿಯಲು ಟ್ರಾಲ್ ಬಲೆ ಸರಿಹೋಗದು. ಬೋಟಿನ ಮೇಲೆ ದೀಪ ಬೆಳಗಿಸುತ್ತಾರೆ. ಬೆಳಕಿಗೆ ಸಣ್ಣ ಮೀನು ಸೇರುತ್ತವೆ, ಬೊಂಡಾಸ ಬರುತ್ತದೆ. ಆದರೆ ಅದು ಬೆಳಕಿನಲ್ಲಿ ನಿಲ್ಲುವುದಿಲ್ಲ, ಬೋಟಿನ ನೆರಳಿನಲ್ಲಿ ಅಡಗಿದ್ದು ಅಲ್ಲಿಂದ ಹಾರಿ ಹಿಡಿಯುತ್ತದೆ. ಆ ನೆರಳಿನ ಅಂಚಿನಲ್ಲೇ ಸುತ್ತ ಮುಳ್ಳಿರುವ ಜಿಗ್ ಎಂಬ ಗಾಳ ಇಳಿಸಿ, ಮೇಲೆ ಕೆಳಗೆ ಎಳೆಯುತ್ತಿರಬೇಕು.

ದೀಪ ಅಂದರೆ ನಮ್ಮ ಕರಾವಳಿಯಲ್ಲಿ ಜಗಳ ಖಂಡಿತ. ದೀಪ ಹಾಕಿ ಬಲೆ ಬೀಸಿದರೆ ಮರಿಮೀನು ಸಮೇತ ಎಲ್ಲ ಬಾಚಿ ಹೋಗುತ್ತದೆ ಎಂಬ ಸಾಂಪ್ರದಾಯಿಕ ಮೀನುಗಾರರ ದೂರು ನ್ಯಾಯವಾದದ್ದೇ. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೀಪದ ಮೀನುಗಾರಿಕೆಯನ್ನು ನಿಷೇಧಿಸಿತು. ಆದರೆ ದೀಪದ ಕೆಳಗೆ ದೊಡ್ಡ ಬಲೆ ಬೀಸುವುದೂ ಒಂದೊಂದೇ ಗಾಳ ಎಳೆಯುವುದೂ ಒಂದೇ ಅಲ್ವಲ್ಲ. ಅತ್ತ ನಮ್ಮ ದೇಶದ ಮೀನುಗಾರಿಕೆ ಹಕ್ಕು ಮುಗಿಯುವ 200 ನಾಟಿಕಲ್ ಮೈಲಿ ದಾಟಿದ ಮೇಲೆ ಚೀನಾದ ಹಡಗುಗಳು ದೀಪ ಹಚ್ಚಿಕೊಂಡು ಇದೇ ಬೊಂಡಾಸ ಹಿಡಿಯುತ್ತವೆ. ಟ್ಯೂನಾಗೆ ಹಿಂದೂ ಮಹಾಸಾಗರದ ಟ್ಯೂನಾ ಆಯೋಗವಿದೆ, ಬೊಂಡಾಸ ಅದರ ವ್ಯಾಪ್ತಿಗೆ ಬರುವುದಿಲ್ಲ.

ಹಾಗಂತ ನಾವೂ ನುಗ್ಗೋಣ ಅಂತ ನಾನು ಹೇಳುವುದಿಲ್ಲ. ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ ನಿಜ, ಆದರೆ ಮೊಟ್ಟೆ ಇಟ್ಟ ಪೀಳಿಗೆ ಅಲ್ಲಿಗೆ ಮುಗಿಯಿತು. ಹೋದ ವರ್ಷ ಎಣಿಸಿದ್ದೆಲ್ಲ ಈ ವರ್ಷ ಸತ್ತಿರುತ್ತದೆ. ಹಳೆಯ ಲೆಕ್ಕ ನಂಬಿ ಇಷ್ಟೇ ಹಿಡಿಯಬೇಕೆಂಬ ಕೋಟಾ ಹಾಕುವಂತಿಲ್ಲ. ದಕ್ಷಿಣ ಅಟ್ಲಾಂಟಿಕ್‌ನ ಫಾಕ್ಲೆಂಡ್ ದ್ವೀಪಗಳಲ್ಲಿ ಬೊಂಡಾಸ ಹಿಡಿಯುವ ಋತು ನಡೆಯುತ್ತಿರುವಾಗಲೇ ಹಿಡಿದ ಲೆಕ್ಕ ನೋಡುತ್ತಾರೆ. ಮೊಟ್ಟೆ ಇಡಲು ಸಾಕಷ್ಟು ಉಳಿಯುವುದಿಲ್ಲ ಅನ್ನಿಸಿದರೆ ಬೇಗನೆ ನಿಲ್ಲಿಸಿಬಿಡುತ್ತಾರೆ. ನಮ್ಮಲ್ಲಿರುವುದು ಜೂನ್ 1ರಿಂದ ಜುಲೈ 31ರ ತನಕ 61 ದಿನದ ಮೀನುಗಾರಿಕೆ ರಜೆ. ಕ್ಯಾಲೆಂಡರ್ ನೋಡಿ ಬಾಗಿಲು ಹಾಕುವ ಈ ಪದ್ಧತಿಯೊಂದೇ ದೊಡ್ಡ ಬೊಂಡಾಸಕ್ಕೆ ಸಾಲದು. ವಾರವಾರವೂ ಲೆಕ್ಕ ಬೇಕು, ಅದನ್ನು ಬೋಟಿನವರೇ ಬರೆದು ಕೊಡಬೇಕು.