ಸರ್ವರ್‌ಗೆ ಹೆಸರು ಗೊತ್ತಾಗಿದ್ದು ತಡವಾಗಿ

ಹೊಸ ಸೈಟ್ ಒಂದನ್ನು ಸರ್ವರ್‌ಗೆ ಸೇರಿಸಿದ್ದೆ. ಬ್ರೌಸರ್‌ನಲ್ಲಿ ತೆರೆದರೆ ಅದೇ ಮಷಿನ್‌ನಲ್ಲಿದ್ದ ಇನ್ನೊಂದು ಸೈಟ್ ಬಂತು. ಅರ್ಧ ದಿನ ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ಐಪಿ, ಅಂದರೆ ಮಷಿನ್‌ನ ಅಂಕಿ ವಿಳಾಸ, ಹೇಳುವ ವ್ಯವಸ್ಥೆ) ಮೇಲೆ ಅನುಮಾನಪಟ್ಟೆ. ಅದು ಸರಿಯಾಗೇ ಇತ್ತು. ಸರ್ವರ್‌ನ ಕಾನ್ಫಿಗ್ ಫೈಲ್‌ನಲ್ಲಿ ಸರ್ವರ್‌ನೇಮ್, ಅಂದರೆ ಸೈಟಿನ ಹೆಸರು ಕೂಡ ಒಂದಕ್ಷರ ತಪ್ಪಿಲ್ಲದೆ ಇತ್ತು. ಕೊನೆಗೆ ಕಣ್ಣಿಗೆ ಬಿದ್ದದ್ದು ಇಷ್ಟು: ಹಳೇ ಸೈಟಿನ ಬ್ಲಾಕ್‌ನಲ್ಲಿ (ಫೈಲ್‌ನಲ್ಲಿ ಆ ಸೈಟಿಗೆ ಮೀಸಲಾದ ಭಾಗ) ಐಪಿ ವಿಳಾಸವನ್ನು ಬಿಡಿಸಿ ಬರೆದಿತ್ತು, ಹೊಸದರಲ್ಲಿ ನಾನು ಸುಮ್ನೆ ನಕ್ಷತ್ರ (*, ಯಾವ ಐಪಿಯಾದರೂ ಸರಿ ಅಂತ) ಹಾಕಿದ್ದೆ.

ಅಷ್ಟಕ್ಕೇ ಹೆಸರನ್ನು ಯಾಕೆ ಕಡೆಗಣಿಸಬೇಕು? ಇದು ಅರ್ಥವಾಗಬೇಕಾದರೆ ವೆಬ್ ಶುರುವಾದ ಕಾಲಕ್ಕೆ ಹೋಗಬೇಕು. ಐಪಿ ಮತ್ತು ಪೋರ್ಟ್ (ಆ ಮಷಿನ್‌ನ ಯಾವ ಬಾಗಿಲು ಅಂತ ಹೇಳುವ ಅಂಕಿ) ಸರ್ವರ್‌ಗೆ ಮೊದಲಿಂದಲೂ ಗೊತ್ತು. ಹೆಸರು ಬಂದದ್ದು ಆಮೇಲೆ.

1991ರಲ್ಲಿ ಟಿಮ್ ಬರ್ನರ್ಸ್-ಲೀ ಬರೆದಿಟ್ಟ ಮೊದಲ ಎಚ್‌ಟಿಟಿಪಿಯಲ್ಲಿ (ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮ) ಬ್ರೌಸರ್ ಕಳಿಸುತ್ತಿದ್ದದ್ದು ಒಂದೇ ಸಾಲು. ಗೆಟ್ ಅನ್ನುವ ಪದ, ಒಂದು ಖಾಲಿ ಜಾಗ, ಬೇಕಾದ ಪುಟದ ದಾರಿ. ಮುಗೀತು. ಬ್ರೌಸರ್ ಡಿಎನ್‌ಎಸ್‌ನಲ್ಲಿ ಹೆಸರು ಕೊಟ್ಟು ಐಪಿ ತಗೊಂಡು, 80ನೇ ಪೋರ್ಟ್‌ಗೆ ಹೋಗುತ್ತಿತ್ತು. ಯಾವ ಹೆಸರು ಹಿಡಿದು ಬಂದೆ ಅಂತ ಸರ್ವರ್‌ಗೆ ಹೇಳುತ್ತಲೇ ಇರಲಿಲ್ಲ. ಒಂದು ಮಷಿನ್‌ಗೆ ಒಂದೇ ಸೈಟ್ ಇದ್ದಾಗ ಇದರಿಂದ ತೊಂದರೆಯೂ ಇರಲಿಲ್ಲ.

ಎರಡನೇ ಸೈಟ್ ಬಂದಾಗ ತೊಡಕಾಯಿತು. ಅದನ್ನು 8080ರಂಥ ಬೇರೆ ಪೋರ್ಟ್‌ನಲ್ಲಿ ಇಟ್ಟರೆ ನೋಡುವವರು ವಿಳಾಸದ ಕೊನೆಗೆ ಆ ಅಂಕಿಯನ್ನೂ ಟೈಪ್ ಮಾಡಬೇಕು. ಯಾರು ಮಾಡ್ತಾರೆ? ಹಾಗಾಗಿ ಸೈಟಿಗೊಂದು ಐಪಿ ಕೊಡುವುದೇ ರೂಢಿಯಾಯಿತು. ಒಂದೇ ನೆಟ್‌ವರ್ಕ್ ಕಾರ್ಡ್‌ಗೆ ಹತ್ತಾರು ಐಪಿ. ಐಪಿವಿ4 ಅನ್ನುವ ಹಳೇ ಐಪಿ ಪದ್ಧತಿಯಲ್ಲಿ ಇರುವುದೇ ಒಟ್ಟು 429 ಕೋಟಿ ವಿಳಾಸ, ಅದರಲ್ಲೂ ಎಲ್ಲವೂ ಬಳಕೆಗೆ ಸಿಗುವುದಿಲ್ಲ. ಹೀಗೇ ಹಂಚುತ್ತಾ ಹೋದರೆ ಎಷ್ಟು ದಿನ?

ಇದಕ್ಕೆ ಸಿಕ್ಕ ಪರಿಹಾರ ನನಗೆ ಈಗಲೂ ಬಹಳ ಇಷ್ಟ. ಬ್ರೌಸರ್ ಕಳಿಸುವ ಕೇಳಿಕೆಯಲ್ಲಿ ಇನ್ನೊಂದು ಸಾಲು ಸೇರಿಸಿದರು: ಹೋಸ್ಟ್, ಅದರ ಮುಂದೆ ಸೈಟಿನ ಹೆಸರು. ಅಷ್ಟೇ. 1996ರ ಅಪಾಚೆ 1.1 ಅನ್ನುವ ವೆಬ್ ಸರ್ವರ್ ಸಾಫ್ಟ್‌ವೇರ್ ಈ ಸಾಲು ನೋಡಿ ಸೈಟ್ ಆರಿಸುವುದನ್ನು ಕಲಿತಿತ್ತು. 1997ರ ಜನವರಿಯಲ್ಲಿ ಎಚ್‌ಟಿಟಿಪಿ 1.1 ಅದನ್ನು ಕಡ್ಡಾಯ ಮಾಡಿತು. ಹೋಸ್ಟ್ ಇಲ್ಲದೆ ಬಂದರೆ 400 ಎರರ್. ಹಳೇ ಬ್ರೌಸರ್‌ಗಳಿಗೂ ಏನಾದರೊಂದು ತೋರಿಸಬೇಕಿತ್ತಲ್ಲ, ಹೆಸರು ಹೊಂದದಿದ್ದರೆ ಮೊದಲ ಬ್ಲಾಕ್‌ನ ಸೈಟ್ ಕೊಡುವ ಪದ್ಧತಿ ಬಂತು. ಅಪಾಚೆ, ಎನ್‌ಜಿನೆಕ್ಸ್ ಎರಡರಲ್ಲೂ ಅದು ಇವತ್ತಿಗೂ ಇದೆ.

ಆದರೆ ಹೋಸ್ಟ್ ಸಾಲು ಬರುವುದೇ ಕನೆಕ್ಷನ್ ಆದ ಮೇಲೆ. ಸರ್ವರ್ ಮೊದಲು ಐಪಿ ಮತ್ತು ಪೋರ್ಟ್ ನೋಡುತ್ತದೆ. ಅವೆರಡನ್ನೂ ಬಿಡಿಸಿ ಬರೆದ ಬ್ಲಾಕ್ ಒಂದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ನಕ್ಷತ್ರ ಹಾಕಿದ ಬ್ಲಾಕ್‌ಗಳ ಹೆಸರನ್ನು ತಿರುಗಿಯೂ ನೋಡುವುದಿಲ್ಲ. ನನ್ನ ಹೊಸ ಸೈಟ್ ಕಾಣದೇ ಹೋದದ್ದು ಇದಕ್ಕೇ. ಎರಡೂ ಕಡೆ ನಕ್ಷತ್ರ ಹಾಕಿದೆ, ಸರಿಹೋಯಿತು.

ಎಚ್‌ಟಿಟಿಪಿಯ ಗೂಢಲಿಪಿ ರೂಪವಾದ ಎಚ್‌ಟಿಟಿಪಿಎಸ್ ಬಳಸುವ 443ನೇ ಪೋರ್ಟ್‌ನಲ್ಲಿ ಗಂಟು ಇನ್ನೂ ಬಿಗಿಯಾಗಿತ್ತು. ಇಲ್ಲಿ ಹೋಸ್ಟ್ ಸಾಲು ಗೂಢಲಿಪಿಯ ಒಳಗಿರುತ್ತದೆ. ಗೂಢಲಿಪಿ ಶುರುವಾಗಲು ಸರ್ವರ್ ಮೊದಲು ಸರ್ಟಿಫಿಕೇಟ್ (ಸೈಟಿನ ಗುರುತಿನ ಪತ್ರ) ಕೊಡಬೇಕು. ಯಾವ ಸೈಟಿನ ಸರ್ಟಿಫಿಕೇಟ್ ಅಂತ ತಿಳಿಯಲು ಹೆಸರು ಬೇಕು. ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು ಅಂತಾರಲ್ಲ, ಹಾಗೆ. ಹಾಗಾಗಿ ಎಚ್‌ಟಿಟಿಪಿಎಸ್ ಬೇಕೆಂದವರು ಸೈಟಿಗೊಂದು ಐಪಿ ಕೊಳ್ಳುವುದು ಮುಂದುವರಿಯಿತು.

2003ರಲ್ಲಿ ಎಸ್‌ಎನ್‌ಐ (ಸರ್ವರ್ ನೇಮ್ ಇಂಡಿಕೇಷನ್) ಬಂತು. ಬ್ರೌಸರ್ ತನ್ನ ಮೊದಲ ಮಾತಿನಲ್ಲೇ ಹೆಸರು ಹೇಳಿಬಿಡುತ್ತದೆ. ಅಪಾಚೆಗೆ ಇದು ಬಂದದ್ದು 2009ರಲ್ಲಿ, 2.2.12ರಲ್ಲಿ. ಆಗಲೂ ಎಲ್ಲರೂ ನೆಚ್ಚಿಕೊಳ್ಳುವಂತಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಎಸ್‌ಎನ್‌ಐ ಗೊತ್ತೇ ಇರಲಿಲ್ಲ, ಎಕ್ಸ್‌ಪಿ ಬಳಸುವವರೋ ಬಹಳ ಜಾಸ್ತಿ. ಈ ನಡುವೆ 2011ರ ಫೆಬ್ರವರಿ 3ರಂದು ಐಪಿವಿ4ನ ಕೊನೆಯ ದೊಡ್ಡ ಕಂತುಗಳೂ ಹಂಚಿಹೋದವು. 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿತು. ಒಂದೇ ಐಪಿಯಲ್ಲಿ ನೂರಾರು ಎಚ್‌ಟಿಟಿಪಿಎಸ್ ಸೈಟ್ ಇಡುವುದು ಆಮೇಲೆ ಮಾಮೂಲಾಯಿತು.

ಎಸ್‌ಎನ್‌ಐನಲ್ಲಿ ಒಂದು ಕೊರತೆ ಉಳಿದಿದೆ. ಆ ಹೆಸರು ಬಯಲಲ್ಲೇ ಹೋಗುತ್ತದೆ, ದಾರಿಯಲ್ಲಿರುವ ಯಾರು ಬೇಕಾದರೂ ಓದಬಹುದು. ಅದನ್ನು ಮುಚ್ಚಿ ಕಳಿಸುವ ಎನ್‌ಕ್ರಿಪ್ಟೆಡ್ ಕ್ಲೈಂಟ್ ಹಲೋ ಈಗ ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲೂ ಇದೆ. ಮುಚ್ಚಲು ಬೇಕಾದ ಕೀಲಿಯನ್ನು ಬ್ರೌಸರ್ ಡಿಎನ್‌ಎಸ್‌ನಿಂದಲೇ ತರುತ್ತದೆ. ಹಾಗಾಗಿ ಸೈಟ್ ನಡೆಸುವವರು ಮೊದಲು ಅದನ್ನು ಅಲ್ಲಿ ಇಟ್ಟಿರಬೇಕು.