ಒಂದೊಂದು ಎಕರೆಗೂ ಗೇಟ್ ಎತ್ತಿ ಇಳಿಸಿದ್ರ

ನಮ್ಮ ಕೊಪ್ಪಳದ ಕಡೆ ಒಂದು ಕಾಲೇಜಿನ ಲ್ಯಾಬ್‌ನಾಗ ದೊಡ್ಡ ಸರ್ವರ್ ಒಂದೈತಿ, ಅದರೊಳಗ ಹತ್ತು ಹನ್ನೆರಡು ವರ್ಚುವಲ್ ಮಷಿನ್ ಓಡ್ತಾವ, ಹುಡುಗ್ರು ಅದರ ಮ್ಯಾಲೆ ಪ್ರಾಕ್ಟಿಕಲ್ ಮಾಡ್ತಾರ. ಹೋದ ವರ್ಷ ಅದು ಎಷ್ಟು ಸ್ಲೋ ಆಗಿತ್ತಂದ್ರ ಒಂದು ಫೈಲ್ ಕಾಪಿ ಹಚ್ಚಿ ಕೆಳಗ ಹೋಗಿ ಒಗ್ಗರಣಿ ಮಿರ್ಚಿ ತಿಂದು ಬಂದ್ರೂ ಮುಗಿದಿರ್ತಿರಲಿಲ್ಲ. ಮೊದ್ಲು ರ್‍ಯಾಮ್ ಹಾಕಿಸಿದ್ರು. ಆಗಲಿಲ್ಲ. ಆಮೇಲೆ ಅಮಾಸಿ ದಿನ ಸರ್ವರ್ ರೂಮಿನ ಬಾಗಿಲಿಗೆ ನಿಂಬಿಹಣ್ಣು ಮೆಣಸಿನಕಾಯಿ ಕಟ್ಟಿದ್ರು. ನಾನು ಪೂಜಿ ಪುನಸ್ಕಾರ ಬ್ಯಾಡ ಅನ್ನೋನಲ್ಲ, ನಮ್ಮ ಮನ್ಯಾಗೂ ಮಾನೋಮಿಗೆ ಆಯುಧ ಪೂಜಿ ಮಾಡ್ತೀವಿ, ಆದ್ರ ನಿಂಬಿಹಣ್ಣು ಕಟ್ಟಿದ ಮ್ಯಾಲೆ ಯಾಕ ಹಿಂಗಾತು ಅಂತ ಕೇಳೋದನ್ನ ಬಿಟ್ಟುಬಿಡ್ತಾರಲ್ಲ, ಅದು ನನಗ ಖರೇನ ಚಿಂತಿ. ಕಾರಣ ಗೊತ್ತಿಲ್ದ ರ್‍ಯಾಮ್ ಹಾಕೋದೂ ನನ್ನ ಪ್ರಕಾರ ಅದ ಜಾತಿಗೆ ಸೇರಿದ್ದು.

ವರ್ಚುವಲ್ ಮಷಿನ್ ಬಗ್ಗೆ ಉದ್ದಕ ಹೇಳಂಗಿಲ್ಲ, ಒಂದು ಕಂಪ್ಯೂಟರಿನೊಳಗ ಇನ್ನೊಂದು ಕಂಪ್ಯೂಟರ್ ಐತಿ ಅಂತ ನಂಬಿಸೋದು, ಒಳಗಿಂದಕ್ಕ ಗೆಸ್ಟ್ ಅಂತಾರ, ಎಲ್ಲಾ ಗೆಸ್ಟ್‌ಗಳನ್ನ ನೋಡ್ಕೊಳ್ಳೋ ಯಜಮಾನ ಹೈಪರ್‌ವೈಸರ್. ಕೂಡೋದು ಕಳಿಯೋದು ಎಲ್ಲಾ ಗೆಸ್ಟ್ ನೇರ ಸಿಪಿಯು ಮ್ಯಾಲೆ ಮಾಡ್ಕೊಂತೈತಿ, ಅಲ್ಲೇನೂ ತಡ ಆಗಂಗಿಲ್ಲ. ಆದ್ರ ಕೆಲವು ಕೆಲಸಕ್ಕ, ಡಿಸ್ಕಿಗೆ ಬರಿಯೋದು, ನೆಟ್‌ವರ್ಕ್‌ಗೆ ಕಳಿಸೋದು ಅಂಥವಕ್ಕ, ಯಜಮಾನನ್ನ ಕರೀಬೇಕು. ಗೆಸ್ಟ್ ತಾನಾಗೇ ಹಿಂಗ ಕರಿಯೋದಕ್ಕ ಹೈಪರ್‌ಕಾಲ್ ಅಂತ ಹೆಸರು. ಜನ ಏನು ತಿಳ್ಕೊಂಡಾರಂದ್ರ ಯಜಮಾನ ಮಾಡೋ ಕೆಲಸ ದೊಡ್ಡದು, ಅದಕ್ಕ ಟೈಮ್ ಹಿಡೀತೈತಿ ಅಂತ. ಬಾಳ ಸಲ ಕೆಲಸ ಅಂಗೈ ಅಗಲದ್ದು, ಟೈಮ್ ತಿನ್ನೋದು ಹೋಗಿ ಬರೋ ದಾರಿ.

ತುಂಗಭದ್ರಾ ಎಡದಂಡೆ ಕಾಲುವಿ ಕೆಳಗ ಹೊಲ ಇದ್ದೋರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ಒಣಗಿದ ಉಪಕಾಲುವಿಗೆ ನೀರು ಬಿಟ್ರ ಮೊದಲ ನೀರು ಹೊಲ ಮುಟ್ಟಂಗಿಲ್ಲ, ಕಾಲುವಿ ನೆಲಾನ ಕುಡೀತೈತಿ, ಬಿರುಕು ತುಂಬಬೇಕು, ಮಟ್ಟ ಏರಬೇಕು, ಆಮೇಲೆ ತೂಬಿನಾಗ ಹರೀತೈತಿ. ಈಗ ಒಂದು ಎಕರೆಗೆ ಗೇಟ್ ಎತ್ತಿ ನೀರು ಕೊಟ್ಟು ಇಳಿಸಿ, ಕಾಲುವಿ ಒಣಗಿದ ಮ್ಯಾಲೆ ಬಾಜೂ ಎಕರೆಗೆ ಮತ್ತ ಗೇಟ್ ಎತ್ತಿದ್ರ ಏನಾಗ್ತೈತಿ? ಡ್ಯಾಮ್ ತುಂಬಿದ್ರೂ ಭತ್ತ ಒಣಗ್ತೈತಿ. ಸಿಪಿಯು ಒಳಗೂ ಹಂಗ. ಗೆಸ್ಟ್ ಬಿಟ್ಟು ಹೈಪರ್‌ವೈಸರ್‌ಗೆ ಹೋಗಬೇಕಂದ್ರ ಗೆಸ್ಟ್‌ನ ರಿಜಿಸ್ಟರ್ (ಸಿಪಿಯು ಕೈಯಾಗ ಹಿಡ್ಕೊಂಡ ಲೆಕ್ಕ), ಅದರ ಸ್ಥಿತಿಗತಿ ಎಲ್ಲಾ ಎತ್ತಿಟ್ಟು ಯಜಮಾನಂದು ತರಬೇಕು, ವಾಪಸ್ ಬರುವಾಗ ಅದರ ಉಲ್ಟಾ, ಇದು ಗೇಟ್ ಎತ್ತಿ ಇಳಿಸೋ ಖರ್ಚು, ಇಷ್ಟಕ್ಕ ಸಾವಿರ ಸೈಕಲ್, ಅಂದ್ರ ಸಿಪಿಯು ಗಡಿಯಾರದ ಸಾವಿರ ಬಡಿತ, ಅದಕ್ಕೂ ಮ್ಯಾಲೆ ಹೋಗೋದು ಸಾಮಾನ್ಯ. ಇನ್ನ ಕಾಲುವಿ ಕುಡಿಯೋ ನೀರು ಬ್ಯಾರೆ: ಯಜಮಾನ ಓಡಿದಷ್ಟು ಹೊತ್ತು ಅವನ ಸಾಮಾನು ಸಿಪಿಯು ಬಾಜೂಕ ಇರೋ ಸಣ್ಣ ವೇಗದ ಮೆಮೊರಿ ಆದ ಕ್ಯಾಶ್‌ನಾಗ ಬಂದು ಕುಂದ್ರತೈತಿ, ಗೆಸ್ಟ್‌ಂದು ಹೊರಗ ಬೀಳ್ತೈತಿ, ಬಂದ ಮ್ಯಾಲೆ ಗೆಸ್ಟ್ ಮತ್ತ ಮೊದಲಿಂದ ಮೆಮೊರಿಗೆ ಹೋಗಿ ಒಂದೊಂದ ತರಬೇಕು. 2018ರ ಜನವರಿಯಾಗ ಸ್ಪೆಕ್ಟರ್, ಮೆಲ್ಟ್‌ಡೌನ್ ಅಂತ ಪ್ರೊಸೆಸರಿನ ಲೋಪ ಹೊರಗ ಬಂದ್ವಲ್ಲ, ಅದಕ್ಕ ಹಾಕಿದ ತೇಪಿಗಳಿಂದ ಈ ಗಡಿ ದಾಟೋ ಖರ್ಚು ಇನ್ನೂ ಏರಿತು.

ಲೆಕ್ಕ ಹಾಕೇ ನೋಡೋಣ. ಹೋಗಿ ಬರೋದಕ್ಕ 1,500 ಸೈಕಲ್, ಒಂದು ಕೆಲಸಕ್ಕ 200 ಸೈಕಲ್ ಅಂತ ಹಿಡೀರಿ. ಮೆಮೊರಿಯಾಗ ಯಾವುದು ಎಲ್ಲೈತಿ ಅಂತ ಬರದಿಡೋ ಸೂಚಿಗೆ ಪೇಜ್ ಟೇಬಲ್ ಅಂತಾರ, ಅದನ್ನ ತಿದ್ದೋಕ ಗೆಸ್ಟ್ ಯಜಮಾನನ್ನ ಕರೀಬೇಕು ಅಂತ ಇಟ್ಕೊಳ್ರಿ. ಪೇಜ್ ಟೇಬಲ್‌ನ ಒಂದು ಹಾಳಿ ಅಂದ್ರ 4,096 ಬೈಟ್, ಒಂದೊಂದು ಸಾಲಿಗೆ 8 ಬೈಟ್, ಅಂದ್ರ 512 ಸಾಲು. ಒಂದೊಂದು ಸಾಲಿಗೂ ಯಜಮಾನನ್ನ ಕರದ್ರ 8,70,400 ಸೈಕಲ್. 512 ಸಾಲೂ ಒಂದ ಚೀಟಿಯಾಗ ಬರದು ಒಂದ ಸಲ ಕರದ್ರ 1,03,900. ಎಂಟು ಪಟ್ಟಿಗಿಂತ ಜಾಸ್ತಿ ಫರಕು. ನನಗ ಬಾಳ ಖುಷಿ ಕೊಟ್ಟಿದ್ದು ಮುಂದಿನ ಲೆಕ್ಕ: 512 ಬ್ಯಾಡ, ಬರೇ 32ರ ಗುಂಪು ಮಾಡಿದ್ರೂ 16 ಸಲ ಹೋಗಿ ಬಂದು 1,26,400ಕ್ಕ ಮುಗೀತೈತಿ! ಸಿಗೋ ಲಾಭದ ಬಹುಪಾಲು ಮೊದಲ ಮೂವತ್ತರೊಳಗ ಬಂದುಬಿಡ್ತೈತಿ, ಆಮೇಲೆ ಎಷ್ಟು ದೊಡ್ಡ ಗುಂಪು ಮಾಡಿದ್ರೂ ಉಳಿಯೋದು ಚಿಲ್ಲರ. ಲಿನಕ್ಸ್‌ನ ಝೆನ್ ಕೋಡ್ ತಗದು ನೋಡಿದ್ರ ಅಲ್ಲಿ ಒಂದು ಬ್ಯಾಚಿನ ಅಳತಿ 32 ಅಂತನ ಐತಿ.

ಝೆನ್ ಅಂದೆ, ಅದರ ಕಥಿ ಹೇಳಬೇಕು. 2003ರಾಗ ಇಂಗ್ಲೆಂಡಿನ ಕೇಂಬ್ರಿಜ್ ಯುನಿವರ್ಸಿಟಿಯೋರು ಝೆನ್ ಹೈಪರ್‌ವೈಸರ್ ತೋರಿಸಿದ್ರು. ಇಂಟೆಲ್ ಪ್ರೊಸೆಸರ್‌ನಾಗ ಆವಾಗ ವರ್ಚುವಲೈಸೇಶನ್‌ಗೆ ಹಾರ್ಡ್‌ವೇರ್ ಆಸರ ಇರಲಿಲ್ಲ, ಅದು ಬಂದಿದ್ದು 2005ಕ್ಕ. ಅದಕ್ಕ ಅವ್ರು ಗೆಸ್ಟ್‌ಗೆ ನೀನು ಗೆಸ್ಟ್ ಅಂತ ಮುಚ್ಚಿಡದ ಹೇಳಿ, ಪೇಜ್ ಟೇಬಲ್ ಮುಟ್ಟಬೇಕಂದ್ರ ನನ್ನ ಕೇಳು ಅಂದ್ರು, ಮತ್ತ ಒಂದೊಂದ ಕೇಳಬ್ಯಾಡ, ಪಟ್ಟಿ ಮಾಡಿ ತಾ ಅಂತ ಮಲ್ಟಿಕಾಲ್ ಅನ್ನೋದನ್ನೂ ಕೊಟ್ರು. ಇನ್ನೂ ಹಿಂದಕ ಹೋದ್ರ, 1967ರಾಗ ಐಬಿಎಂನೋರು ಸಿಪಿ-40 ಅಂತ ವರ್ಚುವಲ್ ಮಷಿನ್ ಓಡಿಸಿದ್ದು ಅಮೆರಿಕಾದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಾಗ. ಅದರ ಕುಡಿ 1972ರ ವಿಎಂ/370, ಅದರಾಗ ಗೆಸ್ಟ್ ಯಜಮಾನನ್ನ ಕರಿಯೋಕ ಡಯಾಗ್ನೋಸ್ ಅನ್ನೋ ಇನ್‌ಸ್ಟ್ರಕ್ಷನ್ ಬಳಸ್ತಿತ್ತು. ಎರಡು ಊರು, ಒಂದ ಹೆಸರು, ಒಂದ ಕೆಲಸ. ವರ್ಚುವಲ್ ಮಷಿನ್ ಅಂದ್ರ ನಿನ್ನೆ ಮೊನ್ನೆ ಕ್ಲೌಡ್ ಜೋಡಿ ಬಂದಿದ್ದು ಅನ್ನೋರಿಗೆ ಈ ವರ್ಷಗಳನ್ನ ತೋರಿಸ್ರಿ.

ಪಟ್ಟಿ ಮಾಡೋದು ಹೇಳಿದಷ್ಟು ಸಸಾರಲ್ಲ. ಕಿರಾಣಿ ಚೀಟಿ ಬರದಿಟ್ಟು, ಅಂಗಡಿಗೆ ಕಳಿಸೋಕಿಂತ ಮೊದ್ಲ ಡಬ್ಬಿ ತಗದು ಸಕ್ಕರಿ ಹುಡುಕಿದ್ರ ಸಿಗಂಗಿಲ್ಲಲ್ಲ, ಹಂಗ ಸರದಿಯಾಗ ಕುಂತ ಬದಲಾವಣಿ ಇನ್ನೂ ಆಗಿರಂಗಿಲ್ಲ, ಗೆಸ್ಟ್ ಆ ಮೆಮೊರಿ ಬಳಸೋಕಿಂತ ಮೊದ್ಲು ಪಟ್ಟಿ ಕಳಿಸಲೇಬೇಕು, ಮರತ್ರ ಮಷಿನ್ ಬೀಳ್ತೈತಿ. ಪಟ್ಟಿಯಾಗ ಒಂದು ಕೆಲಸ ಕೆಟ್ರ ಯಾವುದು ಕೆಟ್ಟಿತು ಅಂತ ಗೊತ್ತಾಗಬೇಕು, ಅದಕ್ಕ ಒಂದೊಂದಕ್ಕೂ ಬ್ಯಾರೆ ಉತ್ತರ ಬರೀತಾರ. ತಪಾಸಣಿ ಖರ್ಚಂತೂ ಕಮ್ಮಿ ಆಗಂಗೇ ಇಲ್ಲ, 512 ಸಾಲು ತಂದ್ರ 512ನ್ನೂ ಇದು ಇವನ ಮೆಮೊರಿ ಹೌದೋ ಅಲ್ಲೋ ಅಂತ ನೋಡಬೇಕು, ಇಲ್ಲಾಂದ್ರ ಒಂದು ಗೆಸ್ಟ್ ಇನ್ನೊಂದರ ಮನಿ ಹೊಕ್ಕೈತಿ. ಮತ್ತ ಪಟ್ಟಿ ಅತಿ ಉದ್ದ ಆದ್ರ ಯಜಮಾನ ಒಬ್ಬನ ಕೆಲಸದಾಗ ಮುಳುಗಿ ಉಳಿದೋರು ಬಾಗಿಲಾಗ ನಿಂದ್ರಬೇಕಾಗ್ತೈತಿ. ಮೈಕ್ರೋಸಾಫ್ಟಿನ ಹೈಪರ್-ವಿ ಇದಕ್ಕ ಒಂದು ಚಂದ ದಾರಿ ಹುಡುಕೈತಿ: ಒಂದು ಕರೆಯಾಗ 50 ಮೈಕ್ರೋಸೆಕೆಂಡ್ ದಾಟದಂಗ ನೋಡ್ಕೊಂತೈತಿ, ಅಷ್ಟರಾಗ ಪಟ್ಟಿ ಮುಗೀಲಿಲ್ಲಂದ್ರ ಎಲ್ಲಿಗೆ ನಿಂತೈತಿ ಅಂತ ಗುರುತು ಹಾಕಿ ಗೆಸ್ಟ್‌ಗೆ ವಾಪಸ್ ಬಿಡ್ತೈತಿ, ಮತ್ತ ಅಲ್ಲಿಂದ ಮುಂದ.

ಈಗಿನ ಪ್ರೊಸೆಸರ್‌ಗಳು ಎರಡು ಮಜಲಿನ ಪೇಜ್ ಟೇಬಲ್, ಗೆಸ್ಟಿಂದೊಂದು ಯಜಮಾನಂದೊಂದು, ತಾವ ನೋಡ್ಕೊಳ್ಳೋದ್ರಿಂದ ಮೆಮೊರಿಗೆ ಮೊದಲಿನಷ್ಟು ಕರಿಯೋದು ಬೇಕಾಗಿಲ್ಲ. ಡಿಸ್ಕು, ನೆಟ್‌ವರ್ಕ್ ಮಾತ್ರ ಉಳೀತು, ನಮ್ಮ ಲ್ಯಾಬಿನ ಗುಟ್ಟು ಇದ್ದಿದ್ದೂ ಅಲ್ಲೇ. ನಾನು ಲಿನಕ್ಸಿನ ಹೈಪರ್‌ವೈಸರ್ ಆದ ಕೆವಿಎಂನ ಎಣಿಕಿ ತೋರ್ಸೋ ಪರ್ಫ್ ಕೆವಿಎಂ ಸ್ಟ್ಯಾಟ್ ಕಮಾಂಡ್ ಹಚ್ಚಿ ಗೆಸ್ಟ್‌ಗಳು ಯಾಕ ಹೊರಗ ಬರಾಕತ್ತಾವ ಅಂತ ಎಣಿಸಿ ನೋಡಿದೆ, ಸಾಲಿಗೆ ಸಾಲು ಐಓ, ಅಂದ್ರ ಡಿಸ್ಕು ನೆಟ್‌ವರ್ಕಿನ ಓದು ಬರಹ. ಸೆಟ್ಟಿಂಗ್ ನೋಡಿದ್ರ ಎಲ್ಲಾ ಗೆಸ್ಟ್‌ಗೂ ಹಳೇ ಕಂಪ್ಯೂಟರಿನಾಗ ಡಿಸ್ಕ್ ಜೋಡಿಸೋಕ ಬಳಸ್ತಿದ್ದ ಐಡಿಇ ನಮೂನಿ ಕೊಟ್ಟಾರ. ಐಡಿಇ ಡಿಸ್ಕಿಗೆ ಒಂದು ಓದು ಹೇಳಬೇಕಂದ್ರ ಯಾವ ಡ್ರೈವ್ ಅಂತ ಒಂದು ಸಲ, ಎಷ್ಟು ಸೆಕ್ಟರ್ ಅಂತ ಒಂದು ಸಲ, ಯಾವ ಜಾಗ ಅಂತ ಮೂರು ಸಲ, ಕಡೀಕ ಓದು ಅಂತ ಒಂದು ಸಲ ಬರೀಬೇಕು. ಖರೇ ಡಿಸ್ಕಿಗೆ ಅದೇನೂ ಭಾರ ಅಲ್ಲ, ಆದ್ರ ಇಲ್ಲಿ ಡಿಸ್ಕ ಇಲ್ಲ, ಹೈಪರ್‌ವೈಸರ್ ಡಿಸ್ಕಿನ ವೇಷ ಹಾಕೈತಿ, ಒಂದೊಂದು ಬರಹಕ್ಕೂ ಗೇಟ್ ಎತ್ತಬೇಕು ಇಳಿಸಬೇಕು, ಒಂದ ಓದಿಗೆ ಕಮ್ಮಿ ಅಂದ್ರ ಆರು ಸಲ!

ಇದಕ್ಕ ಅಂತನ ಇರೋದು ವರ್ಟ್‌ಐಓ, ಆಸ್ಟ್ರೇಲಿಯಾದ ಲಿನಕ್ಸ್ ಪ್ರೋಗ್ರಾಮರ್ ರಸ್ಟಿ ರಸೆಲ್ ಬರದು, 2008ರಾಗ ವಿವರಿಸಿದ್ದು. ಗೆಸ್ಟ್ ಮತ್ತ ಯಜಮಾನ ಇಬ್ಬರಿಗೂ ಕಾಣೋ ಮೆಮೊರಿಯಾಗ ಒಂದು ಉಂಗುರದಂಥ ಸರದಿ ಇಟ್ಟಿರ್ತಾರ, ಗೆಸ್ಟ್ ತನ್ನ ಕೆಲಸ ಎಲ್ಲಾ ಅದರಾಗ ಸಾಲಾಗಿ ಬರದಿಟ್ಟು ಒಂದ ಸಲ ಬಾಗಿಲು ಬಡೀತೈತಿ. ಗಂಗಾವತಿ ರೈಸ್ ಮಿಲ್ಲಿನಾಗ ಹಮಾಲರು ಲಾರಿ ಇಳಿಸಾಕತ್ತಿದ್ರ ಹಿಂದ ಬಂದ ಲಾರಿಯೋನು ಹಾರ್ನ್ ಹೊಡಿಯಂಗಿಲ್ಲ, ಸಾಲಿನಾಗ ನಿಂತ್ರ ಸಾಕು, ಅವ್ರೇ ಬರ್ತಾರ. ವರ್ಟ್‌ಐಓದಾಗೂ ಯಜಮಾನ ಕೆಲಸದಾಗ ಇದ್ರ ಬಡಿಬ್ಯಾಡ ಅಂತ ಒಂದು ಗುರುತು ಇಟ್ಟಿರ್ತಾನ, ಗೆಸ್ಟ್ ಅದನ್ನ ನೋಡಿ ಸುಮ್ಮನ ಸರದಿಗೆ ಸೇರಿಸಿ ತನ್ನ ಕೆಲಸಕ್ಕ ಹೋಗ್ತೈತಿ. ಹಂಗಾಗಿ ಕೆಲಸದ ಭಾರ ಹೆಚ್ಚಾದಷ್ಟೂ ಒಂದೊಂದು ಕೆಲಸದ ಪಾಲಿಗೆ ಬರೋ ಬಡಿಯೋ ಖರ್ಚು ಕಮ್ಮಿ ಆಗ್ತೈತಿ, ಇದನ್ನ ಮೊದಲನೇ ಸಲ ತಿಳ್ಕೊಂಡಾಗ ನನಗ ಆ ರಾತ್ರಿ ನಿದ್ದಿ ಬರಲಿಲ್ಲ.

ಲ್ಯಾಬಿನ ಲಿನಕ್ಸ್ ಗೆಸ್ಟ್‌ಗಳನ್ನೆಲ್ಲಾ ವರ್ಟ್‌ಐಓಗೆ ಬದಲಿ ಮಾಡಿದ್ವಿ, ಲಿನಕ್ಸಿನಾಗ ಡ್ರೈವರ್ ಮೊದಲ ಇರ್ತೈತಿ, ಸೆಟ್ಟಿಂಗ್ ತಿದ್ದಿ ಮತ್ತ ಚಾಲೂ ಮಾಡಿದ್ರ ಆತು, ಐಓ ಎಣಿಕಿ ಕಣ್ಣ ಮುಂದ ಇಳೀತು. ಎರಡು ವಿಂಡೋಸ್ ಗೆಸ್ಟ್ ಉಳಿದಾವ. ಅವಕ್ಕ ಮೊದ್ಲು ಒಳಗ ಡ್ರೈವರ್ ಹಾಕಿ ಆಮೇಲೆ ಡಿಸ್ಕ್ ನಮೂನಿ ಬದಲಿ ಮಾಡಬೇಕು, ಉಲ್ಟಾ ಮಾಡಿದ್ರ ಬೂಟ್ ಆಗಂಗಿಲ್ಲ, ಪರೀಕ್ಷಿ ಮುಗಿದ ಮ್ಯಾಲೆ ಒಂದು ಭಾನುವಾರ ಅದಕ್ಕ ಇಟ್ಟೀವಿ.